ದವಡೆಯ ಗಂಟಿಗೂ ಒಡತಿಯುಂಟು

ಐಸು ತುಂಬಿದ ತಟ್ಟೆಯ ಮೇಲೆ ಮಹೇಶ್ವರಿ ಮೇಣದ ಬಿಲ್ಲೆಗಳನ್ನು ಒಂದೊಂದಾಗಿ ಬೋರಲು ಹಾಕುತ್ತಿದ್ದಾರೆ. ರಾಣೆಬೆನ್ನೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲ್ಯಾಬಿನ ಕೆಳಗಿನ ಚಹಾದಂಗಡಿಯಲ್ಲಿ ಈಗಷ್ಟೇ ಒಲೆ ಹೊತ್ತಿದೆ. ಒಂದೊಂದು ಬಿಲ್ಲೆಯೊಳಗೂ ಹಾವೇರಿಯಲ್ಲೋ ಬ್ಯಾಡಗಿಯಲ್ಲೋ ಯಾರದೋ ಮೈಯಿಂದ ತೆಗೆದ ಚೂರು ಇದೆ. ಬಿಲ್ಲೆ ತಣ್ಣಗಾಗಿ ಬಿಗಿದರೆ ಮಾತ್ರ ಯಂತ್ರದ ಅಲಗಿಗೆ ಒಗ್ಗುತ್ತದೆ.

“ಕುಂದ್ರಿ ಅಮ್ಮಾರ. ಆದ್ರ ಫ್ಯಾನ್ ಹಚ್ಚಂಗಿಲ್ಲ ನೋಡ್ರಿ. ಉಸಿರು ಬಿಟ್ರೂ ಹಾರ್ತಾವ ಇವು,” ಎಂದು ಕೆಲಸ ನೋಡಲು ಬಂದ ನನಗೆ ಸ್ಟೂಲು ತೋರಿಸುತ್ತಾರೆ.

ಅಲಗಿನಿಂದ ಇಳಿಯುವ ಪದರ ಉಳ್ಳಾಗಡ್ಡಿಯ ಒಳಸಿಪ್ಪೆಗಿಂತ ತೆಳು. ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡುವ ತನಕ ಕಾದು, ಗಾಜಿನ ಪಟ್ಟಿಯ ಮೇಲೆ ಮೆಲ್ಲಗೆ ಎತ್ತಿಕೊಳ್ಳುತ್ತಾರೆ. ದಿನಕ್ಕೆ ನಲವತ್ತು ಐವತ್ತು ಪಟ್ಟಿ. ಅವಕ್ಕೆ ಬಣ್ಣ ಕೂರಿಸಿ ಕೊಟ್ಟ ಮೇಲೆ ಡಾಕ್ಟರು ನೋಡಿ ರೋಗದ ಹೆಸರು ಬರೆಯುತ್ತಾರೆ. ಆ ವರದಿಯಲ್ಲಿ ಮಹೇಶ್ವರಿಯ ಹೆಸರು ಎಲ್ಲೂ ಇರುವುದಿಲ್ಲ.

ಕುಮಾರಪಟ್ಟಣದವರು. ಹತ್ತನೆಯ ತರಗತಿ ಮುಗಿಸಿ ಇಲ್ಲಿ ಗಾಜು ತೊಳೆಯಲು ಸೇರಿ, ನೋಡಿ ನೋಡಿ ಕಲಿತು, ದುಡಿಯುತ್ತಲೇ ಡಿಪ್ಲೊಮಾ ಮುಗಿಸಿದರು. ಉಗುರಿನ ಸಂದಿಯ ಮೇಣ ಹೋಗುವುದಿಲ್ಲ, ಚೂರುಗಳು ಕೆಡದಂತೆ ಅದ್ದಿಡುವ ಫಾರ್ಮಲಿನ್ ಮೈಗೆ ಹತ್ತಿಸಿದ ವಾಸನೆಯೂ ಅಷ್ಟೇ. “ನಮ್ಮತ್ತಿ ಅಂತಾರ, ‘ನೀ ಓಣಿ ತಿರುವಿನ್ಯಾಗ ಇದ್ದಾಗ್ಲೇ ನನ್ನ ಮೂಗಿಗೆ ಗೊತ್ತಾಗತೈತಿ, ಸಾರಿಗೆ ಒಗ್ಗರಣಿ ಹಾಕಿಬಿಡ್ತೇನಿ’ ಅಂತ.”

ತಟ್ಟೆಯ ಪಕ್ಕದಲ್ಲಿ ಒಂದು ಬಿಲ್ಲೆ ಬೇರೆಯೇ ಕೂತಿದೆ. ಅದು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಜಯವ್ವನವರದು. ಸತ್ತ ಹಲ್ಲೊಂದರ ಬೇರಿನಡಿ ಉರಿಯೂತದಿಂದ ಎದ್ದ ನೀರುಗಂಟು ಅವರ ದವಡೆಯ ಎಲುಬನ್ನೇ ಕರಗಿಸುತ್ತಿತ್ತು, ಹಾವೇರಿಯಲ್ಲಿ ತೆಗೆಸಿದರು. ಕ್ಯಾನ್ಸರ್ ಅಲ್ಲವೆಂಬ ವರದಿ ಮಳೆಗಾಲದಲ್ಲೇ ಹೋಗಿದೆ. ಈಗ ದಂತ ಕಾಲೇಜೊಂದು ಉಳಿದ ಚೂರನ್ನು ಕೇಳಿದೆ. ಇಂಥ ಗಂಟುಗಳಲ್ಲಿ ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಪ್ರೋಟೀನುಗಳನ್ನು ಅಲ್ಲಿ ಹುಡುಕುತ್ತಿದ್ದಾರೆ.

ಸುದ್ದಿ ಎಂದರೆ? ಮಹೇಶ್ವರಿ ಕೈ ಒರೆಸಿಕೊಳ್ಳುತ್ತಾರೆ. “ಹೊಲಕ್ಕ ದನಾ ಹೊಕ್ಕಾವು ಅಂತ ಒಬ್ಬ ಕೂಗಿದ್ರ ಊರೆಲ್ಲಾ ಬಡಿಗಿ ಹಿಡಕೊಂಡು ಓಡಿ ಬರತೈತಲ್ರಿ, ಹಂಗ. ಇಲ್ಲಿ ಕೂಗು ನಿಂದ್ರಂಗಿಲ್ಲ. ಬಂದವರ ತುಳತಕ್ಕ ಬೆಳಿ ಹಾಳ.”

ಚೂರು ಕಳಿಸಲು ಜಯವ್ವನವರ ಒಪ್ಪಿಗೆ ಪತ್ರ ಬೇಕು. ಫೋನಿನಲ್ಲಿ ಕೇಳಿದಾಗ ಅವರು ಕಡ್ಡಿ ಮುರಿದಂತೆ ಹೇಳಿದ್ದರು: “ನನ್ನ ಮೈಯಾಗಿಂದು ಕಂಡವರ ಕಾಲಾಗ ಬೀಳಬಾರದು. ನಮ್ಮ ಹಿತ್ತಲ ಮಣ್ಣಾಗ ಇಡ್ತೇನಿ, ತಿರಗಿ ಕೊಡ್ರಿ.” ಮಕ್ಕಳ ಹಾಲುಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆಗೆ ಎಸೆಯುವ ಮನೆಗಳಲ್ಲಿ ಇದೇನು ಹೊಸ ಮಾತಲ್ಲ. ಅಷ್ಟರಲ್ಲಿ ಮೆಣಸಿನಕಾಯಿ ಸುಗ್ಗಿ ಬಂತು, ಅವರಿಗೆ ಬರಲಾಗಲಿಲ್ಲ. ಕಾಲೇಜು ಕೊಟ್ಟ ಗಡುವು ಇಂದಿಗೆ ಮುಗಿಯುತ್ತದೆ, ಜಯವ್ವ ಬರುತ್ತೇನೆಂದಿರುವುದೂ ಇಂದೇ. ಬಿಲ್ಲೆ ನಮ್ಮ ಕೈಯಲ್ಲೇ ಇದೆ, ಕಳಿಸಿಬಿಡು, ಯಾರು ಕೇಳುತ್ತಾರೆ ಎಂದರಂತೆ ಜೊತೆಯವರು.

“ಯಾರೂ ಕೇಳಂಗಿಲ್ಲ, ಖರೇ. ಅದಕ್ಕ ನಾವ ಕೇಳಬೇಕಲ್ರಿ.”

ಹತ್ತರ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಹಿಂದೆಯೇ ಲ್ಯಾಬಿನಲ್ಲಿ ಒಬ್ಬೊಬ್ಬರಾಗಿ ಸೀನತೊಡಗುತ್ತಾರೆ. ಜಯವ್ವನವರ ಸೀರೆಯಲ್ಲಿ ಬ್ಯಾಡಗಿಯೇ ಬಂದಿದೆ.

“ನಿಮ್ಮ ಔಷಧ ವಾಸನಿಗಿಂತ ನಮ್ಮ ಘಾಟು ಚಲೋ ಬಿಡ ತಂಗಿ,” ಎಂದು ನಗುತ್ತಾರೆ. ನಗುವಾಗ ಕೈ ತಾನಾಗಿ ಎಡದವಡೆಗೆ ಹೋಗುತ್ತದೆ. “ಎಲ್ಲೈತಿ ನಂದು? ಕೊಡು.”

“ಕೊಡೂಣು ಅಕ್ಕಾರ. ಮದ್ಲ ಒಮ್ಮಿ ನೋಡ್ರಿ.”

ಅವರದೇ ಗಂಟಿನ ಪಟ್ಟಿಯಿಟ್ಟ ಸೂಕ್ಷ್ಮದರ್ಶಕಕ್ಕೆ ಜಯವ್ವ ಬಗ್ಗಿ ಕಣ್ಣಿಡುತ್ತಾರೆ. “ಇಷ್ಟು ಬ್ಯಾನಿ ಕೊಟ್ಟಿದ್ದು ಇದ ಏನು? ಗುಲಾಬಿ ಸೀರಿ ಮ್ಯಾಲೆ ನೀಲಿ ಚುಕ್ಕಿ ಹಾಕಿದಂಗ ಐತಿ.”

“ಹೊಲಕ್ಕ ದನಾ ಹೊಕ್ಕಾವು ಅಂತ ಕೂಗಿದ್ರ ಊರು ಓಡಿ ಬರತೈತಲ್ರಿ, ಹಂಗ ಆ ಚುಕ್ಕಿ ಎಲ್ಲಾ ಕೂಗು ಕೇಳಿ ಓಡಿ ಬಂದಾವು.”

“ಕೂಗಿದವರು ಯಾರು ಮತ್ತ?”

“ಅದನ್ನ ಹುಡಕಾಕತ್ತಾರ ಅಕ್ಕಾರ. ಅದಕ್ಕ ನಿಮ್ಮದು ಕೇಳ್ಯಾರ. ಬ್ಯಾಡಂದ್ರ ಈಗ ಕಟ್ಟಿ ಕೊಡ್ತೇನಿ.”

ಬಿಲ್ಲೆಯನ್ನು ಹೆರೆದಾಗ ಉದುರಿದ, ಗಂಟಿನ ಅಂಶವೂ ಸೇರಿರುವ ಸಿಪ್ಪೆಗಳನ್ನು, ಡಾಕ್ಟರನ್ನು ಕೇಳಿಯೇ, ಮಹೇಶ್ವರಿ ಪುಟ್ಟ ಡಬ್ಬಿಯಲ್ಲಿ ಕೂಡಿಟ್ಟಿದ್ದಾರೆ. ಅದನ್ನೂ ಬಿಲ್ಲೆಯನ್ನೂ ಅಕ್ಕಪಕ್ಕ ಇಡುತ್ತಾರೆ. ಜಯವ್ವ ಎರಡನ್ನೂ ನೋಡುತ್ತಾರೆ.

“ತೊಟ್ಟು ಬಿಡಿಸಾಕ ಕುಂದ್ರೋ ನಮ್ಮ ಸಾಲಿನ್ಯಾಗ ಹಲ್ಲುಬ್ಯಾನಿ ಇಲ್ಲದಾಕಿ ಯಾರದಾಳ? ಲವಂಗ ಕಚಗೊಂಡು ಕುಂತಿರ್ತೇವಿ, ಬಾಯಿ ಬಾತ ಮ್ಯಾಲೆ ಏಳ್ತೇವಿ.” ಡಬ್ಬಿ ಸೆರಗಿನ ಗಂಟು ಸೇರುತ್ತದೆ. “ಇದು ನನ್ನ ಹಿತ್ತಲಕ್ಕ. ಅದು ಅವರ ಹತ್ರ ಇರ್ಲಿ. ತಾ, ಸಹಿ ಮಾಡ್ತೇನಿ. ಕೆಳಗ ಒಂದು ಮಾತು ಬರಿ: ಕೂಗಿದವ ಸಿಕ್ಕರ ನಮಗೂ ತಿಳಸ್ರಿ ಅಂತ.”

ಮಹೇಶ್ವರಿ ಅದನ್ನು ಹಾಗೇ ಬರೆಯುತ್ತಾರೆ. ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ, ಪತ್ರದ ಜೊತೆ ಕಟ್ಟಿ, ಟಪಾಲು ಕಚೇರಿಗೆ ತಾವೇ ನಡೆಯುತ್ತಾರೆ. ಕಳಿಸುವವರ ಹೆಸರು ಬರೆಯುವ ಜಾಗದಲ್ಲಿ ಪೆನ್ನು ಚಣಹೊತ್ತು ನಿಲ್ಲುತ್ತದೆ. ಲ್ಯಾಬಿನ ಹೆಸರಲ್ಲ, ತಮ್ಮದೂ ಅಲ್ಲ. ‘ಜಯವ್ವ, ಬ್ಯಾಡಗಿ’ ಎಂದು ಬರೆಯುತ್ತಾರೆ.

“ಉತ್ತರ ಬಂದ್ರ ಆಕಿ ಮನಿಗೇ ಹೋಗ್ಲಿ ಅಮ್ಮಾರ.”

ಕಿಟಕಿಯಾಚೆಗಿನ ಕೈ ಪೊಟ್ಟಣವನ್ನು ಎಳೆದುಕೊಂಡು ಠಸ್ಸೆ ಒತ್ತುತ್ತದೆ.