ಇಬ್ಬನಿಯ ಸೊಪ್ಪು, ಎಳ್ಳಿನ ಕಷಾಯ

ರಾವಂದೂರಿನ ಕಡೆಗೆ ಬಂದು ನಾನು ಉಂಡ ಮೊದಲ ಮುದ್ದೆ ಕಹಿಯಾಗಿತ್ತು. ರಾಗಿ ಕೆಟ್ಟಿದೆ ಎಂದುಕೊಂಡೆ. ಎರಡನೇ ತುತ್ತೂ ಕಹಿ. ಎದುರಿಗೆ ಕೂತಿದ್ದ ಮುದುಕಿ ನಿಂಗಮ್ಮ ನಕ್ಕಳು.

"ಮುದ್ದೆ ಅಲ್ಲ ಕಣವ್ವ, ನಿನ್ ಕೈಯಿ. ಬೂದಿ ಆಕಿ ಮೂರು ಸರ್ತಿ ಉಜ್ಜು, ಆಮೇಕೆ ಉಣ್ಣು."

ನೋಡಿದರೆ ಬೆರಳ ಸಂದಿಯಲ್ಲೆಲ್ಲ ಕರಿ ಅಂಟು. ಆ ಬೆಳಗ್ಗೆ ನಾನು ಹೊಗೆಸೊಪ್ಪು ಮುರಿದಿದ್ದೆ. ಸಂಜೆಯವರೆಗೂ ತಲೆ ಸುತ್ತಿತು.

ಇದನ್ನು ಬರೆಯುತ್ತಿರುವುದು ಕಾಕನಕೋಟೆ ಕಾಡಂಚಿನ ನಮ್ಮ ಹಾಡಿಯವರಿಗೆ. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ. ಯಾರಾದರೂ ಓದು ಬಲ್ಲವರು ಇದನ್ನು ಹೆಣ್ಣುಮಕ್ಕಳಿಗೆ ಓದಿ ಹೇಳಲಿ. ಪ್ರತಿ ಮಳೆಗಾಲ ಲಾರಿ ಹತ್ತಿ ಈ ಕಡೆ ಸೊಪ್ಪಿನ ಕೆಲಸಕ್ಕೆ ಬರುತ್ತಿರುವವರು ಅವರೇ.

ನನ್ನ ಗಂಡನಿಗೆ ಇಲ್ಲಿ ಬ್ಯಾರನ್ ಕಾಯುವ ಕೆಲಸ ಸಿಕ್ಕಿತ್ತು. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಮನೆ. ಮುರಿದ ಸೊಪ್ಪನ್ನು ಕಡ್ಡಿಗೆ ಕಟ್ಟಿ ಅದರೊಳಗೆ ಸಾಲಾಗಿ ತೂಗುಹಾಕಿ, ಕೆಳಗೆ ಸೌದೆ ಉರಿಸಿ ಹದ ಮಾಡುತ್ತಾರೆ. ಉರಿ ಐದಾರು ದಿನ ಆರುವಂತಿಲ್ಲ. ನಮ್ಮ ಬಿಡಾರ ಅದರ ಗೋಡೆಗೇ ಒರಗಿಸಿದ ಸೋಗೆ ಕೊಟ್ಟಿಗೆ. ಹಾಡಿಯಲ್ಲಿ ನಮ್ಮ ಹೊಗೆ ಮಾಡಿನ ಸಂದಿಯಿಂದ ಮೇಲೆ ಹೋಗುತ್ತಿತ್ತು. ಇಲ್ಲಿ ಬೇರೆಯವರ ಹೊಗೆ ನಮ್ಮ ಚಾಪೆಗೆ ಬರುತ್ತಿತ್ತು. ಅಲ್ಲಿ ಸೊಪ್ಪೆಂದರೆ ಸಾರಿಗೆ ಕಿತ್ತು ತರುವುದು. ಇಲ್ಲಿ ಸೊಪ್ಪೆಂದರೆ ದನವೂ ಮೂಸದ ಒಂದೇ ಬೆಳೆ, ಕಣ್ಣು ಹಾಯುವಷ್ಟು ದೂರ.

ಎರಡನೇ ವರ್ಷ ತಂಗಿ ಕೆಂಪಿಯನ್ನು ಕರೆತಂದೆ. ಅವಳಿಗೆ ಹದಿನಾರು. "ನಿನ್ ಕೈಗೆ ಆಕಿವ್ನಿ ಕಣೇ," ಎಂದು ಅವ್ವ ಲಾರಿಯ ಹತ್ತಿರ ನಿಂತು ಹೇಳಿದಳು. ಕೆಂಪಿ ಬಲು ಚುರುಕು. ನಾಲ್ಕೇ ದಿನದಲ್ಲಿ ನಿಂಗಮ್ಮನ ಸಮಕ್ಕೆ ಸೊಪ್ಪು ಮುರಿದಳು. ಇಬ್ಬನಿ ಆರುವ ಮೊದಲೇ ಸಾಲಿಗಿಳಿದು, ಒದ್ದೆ ಸೊಪ್ಪನ್ನು ಎದೆಗವುಚಿಕೊಂಡು ಬದುವಿಗೆ ಹೊತ್ತು ತರುತ್ತಿದ್ದಳು. ಒಳ್ಳೆಯ ಸೀರೆಗೆ ಕರೆಯಾಗದಿರಲೆಂದು ಒಂದು ಹಳೇ ಸೀರೆ ಹರಿದು ಅವಳ ಎದೆಗೂ ಸೊಂಟಕ್ಕೂ ಬಿಗಿಯಾಗಿ ಸುತ್ತಿದವಳು ನಾನೇ. ಅದು ದಿನವಿಡೀ ಸೊಪ್ಪಿನ ನೀರು ಕುಡಿದು ಅವಳ ಮೈಗಂಟಿಕೊಂಡಿರುತ್ತಿತ್ತು.

ಎರಡನೇ ವಾರದಿಂದ ಅವಳಿಗೆ ವಾಂತಿ. ಮಧ್ಯಾಹ್ನ ಕಡ್ಡಿಗೆ ಸೊಪ್ಪು ಕಟ್ಟುತ್ತ ಕೂತಲ್ಲೇ ತೂಕಡಿಕೆ. ದಾರ ಕೈಯಲ್ಲಿ, ಗಲ್ಲ ಎದೆಯ ಮೇಲೆ.

"ಸೊಪ್ಪು ಇಡ್ದದೆ ಕಣವ್ವ," ಎಂದಳು ನಿಂಗಮ್ಮ. "ವಸಬರಿಗೆ ಇಂಗೇಯ."

ನಾನು ಕೇಳಲಿಲ್ಲ. ನನಗೂ ಹಿಡಿದಿತ್ತು, ವಾರಕ್ಕೆ ಬಿಟ್ಟಿತ್ತು. ಇವಳಿಗೆ ತಿಂಗಳು ಕಳೆದರೂ ಬಿಡಲಿಲ್ಲ ಎಂದರೆ ಬೇರೆ ಏನೋ ಇರಬೇಕು. ಆ ಬೇರೆ ಏನು ಎಂಬುದನ್ನು ನನಗೆ ಹೇಳಿದ್ದು ನಮ್ಮ ಹಾಡಿಯ ಪದ್ಧತಿಯೇ. ಅಲ್ಲಿ ಮುಟ್ಟಾದವಳು ಮೂರು ದಿನ ಹೊರಗಿನ ಗುಡಿಸಲಲ್ಲಿ ಕೂರುತ್ತಾಳೆ, ಊರಿಗೆಲ್ಲ ತಿಳಿಯುತ್ತದೆ. ಇಲ್ಲಿ ಅಂಥ ಗುಡಿಸಲಿಲ್ಲ. ಆದರೂ ನಾನು ಕೊಟ್ಟಿಗೆಯ ಹಿಂದೆ ಸೋಗೆಯ ಮರೆ ಕಟ್ಟಿಕೊಂಡು ಕೂರುತ್ತಿದ್ದೆ. ಎರಡು ತಿಂಗಳು ಕಳೆದರೂ ಕೆಂಪಿ ಆ ಮರೆಗೆ ಬರಲಿಲ್ಲ.

ಒಂದು ಬೆಳಗ್ಗೆ ನೀರು ಸೇದುವ ಹೊತ್ತಿನಲ್ಲಿ ಅವಳ ರಟ್ಟೆ ಹಿಡಿದೆ.

"ಯಾವನ್ಲೇ ಅವ್ನು?"

"ಯಾರಕ್ಕ?"

"ನಾಟಕ ಆಡ್ಬ್ಯಾಡ. ಅವ್ವನ ಮುಂದೆ ನನ್ ಮೊಕ ಎಂಗೆ ತೋರ್ಸ್ಲಿ?"

ಅವಳು ನನ್ನನ್ನೇ ನೋಡಿದಳು. "ನಾ ಏನೂ ಮಾಡಿಲ್ಲ ಕಣಕ್ಕ," ಎಂದಳು. ಮತ್ತೇನನ್ನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಮುಚ್ಚಿದ ಆ ಬಾಯೇ ನನಗೆ ಸಾಕ್ಷಿಯಾಯಿತು.

ಆಸ್ಪತ್ರೆಗೆ ಕರೆದೊಯ್ದರೆ ಮಾತು ಹೊರಬೀಳುತ್ತದೆ, ಹಾಡಿಗೆ ಮುಟ್ಟುತ್ತದೆ ಎಂದು ಹೆದರಿದೆ. ಕರಿ ಎಳ್ಳು, ಬೆಲ್ಲ ಹಾಕಿ ಕಷಾಯ ಕಾಯಿಸಿದೆ. ಅದು ಬಸುರು ಇಳಿಸಲು ಕುಡಿಸುವುದೆಂದು ನಮ್ಮ ಕಡೆಯ ಹೆಂಗಸರಿಗೆ ಗೊತ್ತು. ಕೆಂಪಿಗೂ ಗೊತ್ತಿತ್ತು. ಲೋಟ ತೆಗೆದುಕೊಂಡಳು, ನನ್ನ ಮುಖ ನೋಡುತ್ತಲೇ ಕುಡಿದಳು. ಮೂರು ದಿನ ಕುಡಿಸಿದೆ. ಮೂರು ದಿನವೂ ಸೊಪ್ಪಿನ ಸಾಲಿಗೂ ಕಳಿಸಿದೆ, ಯಾರಿಗೂ ಅನುಮಾನ ಬರಬಾರದೆಂದು.

ಮೂರನೇ ದಿನ ಜಡಿಮಳೆ. ಅವಳು ಸೊಪ್ಪಿನ ಹೊರೆ ಸಮೇತ ಸಾಲಿನಲ್ಲೇ ಬಿದ್ದಳು. ತುಟಿ ಬಿಳಿಚಿತ್ತು, ಮೈ ತಣ್ಣಗೆ ಬೆವೆತಿತ್ತು. ಗಾಡಿ ಕಟ್ಟಿಸಿದವಳು ನಿಂಗಮ್ಮ. ಪಿರಿಯಾಪಟ್ಟಣದ ಆಸ್ಪತ್ರೆ ಮುಟ್ಟುವವರೆಗೂ ಕೆಂಪಿಯ ತಲೆ ನನ್ನ ತೊಡೆಯ ಮೇಲಿತ್ತು. ಕಷಾಯವೇ ಕೊಂದಿತೇನೋ ಎಂದು ನಾನು ಅವಳ ಉಸಿರನ್ನೇ ಎಣಿಸುತ್ತಿದ್ದೆ.

ಡಾಕ್ಟರಮ್ಮ ನಾಡಿ ಹಿಡಿದರು. ನಾನು ತಲೆ ತಗ್ಗಿಸಿ, "ಬಸುರಿ ಇರಬೈದು ಕಣ್ರವ್ವಾ," ಎಂದೆ. ಕೆಂಪಿ ಕಣ್ಣು ಬಿಟ್ಟಿದ್ದಳು, ಕೇಳಿಸಿಕೊಂಡಳು.

"ನೀನು ಸುಮ್ಮನಿರು," ಎಂದರು ಡಾಕ್ಟರಮ್ಮ. ಕಾಮಾಲೆಯೋ ಎಂದು ಅವಳ ಕಣ್ಣು ನೋಡಿದರು, ಹೊಟ್ಟೆ ಒತ್ತಿದರು, ಜಂತುಹುಳ ಬೀಳುತ್ತದೆಯೇ ಎಂದು ಕೇಳಿದರು. ಕೆಳರೆಪ್ಪೆ ಎಳೆದು, "ರಕ್ತವೇ ಇಲ್ಲ," ಎಂದರು. ಆಮೇಲೆ ಅವಳನ್ನೇ ಕೇಳಿದರು: "ಮುಟ್ಟಾಗಿ ಎಷ್ಟು ದಿನ ಆಯ್ತಮ್ಮ?"

"ವಾದ್ ವಾರ ಸಂತೆ ದಿನ ಮುಟ್ಟಾಗಿದ್ದೆ ಕಣ್ರವ್ವಾ."

ನಾನು ಅವಳ ಕಡೆ ತಿರುಗಿದೆ.

"ಮತ್ಯಾಕ್ಲೇ ಯೋಳ್ನಿಲ್ಲ?"

"ಮೂರು ದಿನ ಮರೇಲಿ ಕೂತ್ರೆ ಸಾಲಿಗೆ ಯಾರಕ್ಕ ಓಗೋರು? ಮುಟ್ಟಲ್ಲೇ ಒಲೆ ಅಚ್ದೆ ಅಂತ ಗೊತ್ತಾದ್ರೆ ನೀ ಅವ್ವಂಗೆ ಯೋಳ್ದೆ ಬುಡ್ತಿದ್ದಾ?"

ಡಾಕ್ಟರಮ್ಮ ಮತ್ತೊಂದು ಕೇಳಿದರು: "ಸಂತೆ ದಿನ ಸೊಪ್ಪು ಮುರಿಯಲ್ಲ ಅಲ್ವಾ? ಆವತ್ತು ವಾಂತಿ ಆಗುತ್ತಾ?"

ಕೆಂಪಿ ಯೋಚಿಸಿ ಇಲ್ಲವೆಂದಳು. ಎರಡು ತಿಂಗಳು ಒಂದೇ ಚಾಪೆಯಲ್ಲಿ ಮಲಗಿದ ನಾನು ಕೇಳಬಹುದಾಗಿದ್ದ ಪ್ರಶ್ನೆ ಅದು.

ಸೊಪ್ಪಿನ ವಿಷ ಒದ್ದೆ ಬಟ್ಟೆಯಿಂದ ಚರ್ಮಕ್ಕಿಳಿಯುತ್ತದೆ, ಕೆಲವರಿಗೆ ಬೇಗ ಒಗ್ಗುತ್ತದೆ, ಕೆಲವರಿಗೆ ಒಗ್ಗುವುದೇ ಇಲ್ಲ ಎಂದು ಅವರು ಬಿಡಿಸಿ ಹೇಳಿದರು. ಹಗಲು ತೂಕಡಿಕೆಗೆ ಅದರ ಜೊತೆ ರಕ್ತ ಕಡಿಮೆಯಾದದ್ದೂ ಕಾರಣ, ಹೊಗೆಯಲ್ಲಿ ನಿದ್ದೆ ಕೆಟ್ಟದ್ದೂ ಕಾರಣ. ನಾನು ಸುತ್ತಿದ್ದ ಸೀರೆ ತುಂಡನ್ನು ಬಿಚ್ಚಿ ಎಸೆದವರೂ ಅವರೇ. ಅದರಡಿಯ ಚರ್ಮ ಕೆಂಪಗೆ ದದ್ದೆದ್ದಿತ್ತು. ಕಷಾಯದ ಮಾತನ್ನು ನಾನು ಹೇಳಲಿಲ್ಲ. ಕೆಂಪಿಯೂ ಹೇಳಲಿಲ್ಲ. ಆ ದಿನ ಅವಳು ನನ್ನ ಮಾನ ಕಾದಳು.

ಹೀಗಾಗಿ ತಂಗಿಯರನ್ನು ಕಳಿಸುವವರೇ, ಇಬ್ಬನಿ ಆರದೆ ಸಾಲಿಗೆ ಇಳಿಸಬೇಡಿ. ಮಳೆಯಲ್ಲಿ ಮುರಿಯಲೇಬೇಕಾದರೆ ಸೀಮೆಗೊಬ್ಬರದ ಪ್ಲಾಸ್ಟಿಕ್ ಚೀಲ ಮೇಲೆ ತೊಡಿಸಿ, ಒದ್ದೆಯಾದ ಬಟ್ಟೆ ಬದಲಿಸಿ, ಮೈ ತೊಳೆಸಿ. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರ ಬಾಯಿಂದಲೇ ಕೇಳಿ.

ಕೆಂಪಿ ಹಾಡಿಗೆ ಮರಳಿ ಅಲ್ಲೇ ಮದುವೆಯಾದಳು. ನಾನು ಇಲ್ಲೇ ಉಳಿದೆ. ಈಗ ನನ್ನ ಮುದ್ದೆ ಕಹಿಯಾಗುವುದಿಲ್ಲ. ಕೈ ತೊಳೆಯುವುದು ಬಂದಿದೆ. ಸೋಗೆಯ ಮರೆಯನ್ನೂ ನಾನೇ ಕಿತ್ತುಹಾಕಿದೆ. ಹಾಡಿಗೆ ಹೋದರೆ ಎಲ್ಲರೂ ನನ್ನನ್ನು ಸೊಪ್ಪಿನ ಸೀಮೆಯವಳು ಎನ್ನುತ್ತಾರೆ, ಇಲ್ಲಿ ನಾನು ಇನ್ನೂ ಕಾಡಿನವಳು.

ಈ ಕಡೆ ಸಂಕ್ರಾಂತಿಗೆ ಮನೆಮನೆಗೆ ಎಳ್ಳು ಬೆಲ್ಲ ಹಂಚುತ್ತಾರೆ. ನಮ್ಮಲ್ಲಿ ಅದಿರಲಿಲ್ಲ. ಕಲಿತ ಮೇಲೆ ಪ್ರತಿ ವರ್ಷ ಒಂದು ಪೊಟ್ಟಣ ಹಾಡಿಗೂ ಒಯ್ಯುತ್ತೇನೆ. ಅವ್ವ ತಿನ್ನುತ್ತಾಳೆ, ಕೆಂಪಿಯ ಮಕ್ಕಳು ಕಿತ್ತಾಡಿ ತಿನ್ನುತ್ತವೆ. ಕೆಂಪಿ ಎರಡೂ ಕೈ ಒಡ್ಡಿ ಇಸಿದುಕೊಳ್ಳುತ್ತಾಳೆ, "ಎಂಗಿದ್ದೀಯಕ್ಕ?" ಎಂದು ಕೇಳುತ್ತಾಳೆ, ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ.

ನಾನು ಹೊರಡುವವರೆಗೂ ಆ ಗಂಟು ಬಿಚ್ಚುವುದಿಲ್ಲ.