ಸ್ಕೂನರ್ ಮತ್ತು ಒಂದು ಕೂಗು

ಅಜ್ಜನಿಗೆ ಬೆಳಗಿನ ಚಹಾದ ಜೊತೆ ಎರಡು ಶುಂಠಿ ಬಿಸ್ಕತ್ತು ಬೇಕಾಗುತ್ತಿತ್ತು. ಒಂದು ಅದ್ದಿ ತಿನ್ನಲು, ಇನ್ನೊಂದು ಪುಡಿಮಾಡಿ ಕಿಟಕಿಯ ಗುಬ್ಬಿಗಳಿಗೆ ಹಾಕಲು. ಕಪ್ಪಿನ ತಳದಲ್ಲಿ ಕರಗಿ ಉಳಿದದ್ದನ್ನು ಚಮಚದಿಂದ ಕೆರೆದು ತಿಂದ ಮೇಲೆಯೇ ನಾನು ಕಪ್ಪು ಎತ್ತಬೇಕು. ಮೌಂಟ್ ರಾಸ್ಕಿಲ್‌ನ ರೆಸ್ಟ್ ಹೋಮ್ ಒಂದರಲ್ಲಿ, ಎಂದರೆ ವೃದ್ಧಾಶ್ರಮದಲ್ಲಿ, ನಾನು ನರ್ಸ್; ಅಜ್ಜ ಅಲ್ಲಿದ್ದ, ಈ ದೇಶದವರೇ ಆದ ಒಬ್ಬ ಮುದುಕರು. ಆ ಕಾರಿಡಾರಿನಲ್ಲಿ ಯಾರ ಕಾಲು ಊದುತ್ತದೆ, ಯಾರು ಮಾತ್ರೆಯನ್ನು ನಾಲಿಗೆಯಡಿ ಬಚ್ಚಿಡುತ್ತಾರೆ ಎಂದು ನೋಡಿಕೊಳ್ಳುವುದೇ ನನ್ನ ದಿನ.

ಅಜ್ಜನ ಗೋಡೆಯ ಮೇಲೆ ಒಂದು ಮಸುಕಾದ ಫೋಟೋ ಇತ್ತು. ಎರಡು ಕಂಬದ ಮರದ ಹಾಯಿಹಡಗು, ಸ್ಕೂನರ್, ಹಿಂದೆ ಬೋಳು ಬೆಟ್ಟಗಳು. ಈ ದೇಶದ ದಕ್ಷಿಣ ದ್ವೀಪದ ಒಂದು ಸರೋವರದ ದಂಡೆಯಲ್ಲಿ, ಅಲ್ಲಿಯದೇ ಮರ ಕಡಿದು ಕಟ್ಟಿದ ಹಡಗಂತೆ. ರಸ್ತೆ ಬರುವ ಮೊದಲು ಆಚೆ ದಡದ ಕುರಿಸಾಕಣೆಯವರಿಗೆ ಹಿಟ್ಟು, ಸಕ್ಕರೆ, ತಗಡು ಒಯ್ದು, ಉಣ್ಣೆಯ ಮೂಟೆ ಹೇರಿಕೊಂಡು ಬರುತ್ತಿತ್ತಂತೆ. ಅಜ್ಜನ ಅಜ್ಜನೇ ಅದರ ಕಪ್ತಾನ. ಒಂದು ಮಧ್ಯಾಹ್ನ ಬೆಟ್ಟದಿಂದ ಇಳಿದ ಗಾಳಿ ಹಡಗನ್ನು ಬಂಡೆಗೆ ಬಡಿಯಿತು. ಹಲಗೆಗಳು ದಡಕ್ಕೆ ಬಂದವು, ಕಪ್ತಾನ ಬರಲಿಲ್ಲ.

"ಸಮುದ್ರದಲ್ಲಿ ಸತ್ತಿದ್ದರೆ ಯಾರಾದರೂ ಹಾಡು ಕಟ್ಟುತ್ತಿದ್ದರು, ಡಿಯರ್," ಎಂದಿದ್ದರು ಅಜ್ಜ. "ಸರೋವರದಲ್ಲಿ ಹಡಗು ಮುಳುಗಿಸಿಕೊಂಡ ಅಂದರೆ ಜನ ನಗುತ್ತಾರೆ. ಸ್ನಾನದ ತೊಟ್ಟಿಯಲ್ಲಿ ಜಾರಿಬಿದ್ದ ಹಾಗೆ."

"ಮತ್ತೆ ನಿಮ್ಮ ಅಜ್ಜಿ?"

"ಪೆಟ್ಟಿಗೆ ಕಟ್ಟಿದಳು, ಮಕ್ಕಳನ್ನು ಕರೆದುಕೊಂಡು ಉತ್ತರಕ್ಕೆ ಬಂದುಬಿಟ್ಟಳು. ಸಾಯುವವರೆಗೂ ಆ ಹಡಗಿನ ಮಾತೆತ್ತಲಿಲ್ಲ. ನನ್ನ ಹತ್ತಿರ ಇರುವುದು ಅರ್ಧ ಕಥೆ."

ಅರ್ಧ ಕಥೆ ಎಂದರೇನೆಂದು ನನಗೆ ಗೊತ್ತಿತ್ತು. ಅದಕ್ಕೇ ಇರಬೇಕು, ಅವರ ಪಾದಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಉಗುರು ಮೆತ್ತಗಾಗಲೆಂದು ಕಾಯುತ್ತಿದ್ದ ಒಂದು ದಿನ, ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ.

ನಮ್ಮದು ಗಂಗೊಳ್ಳಿ. ಅಪ್ಪಯ್ಯ ಮಂಜಿಯ ತಾಂಡೇಲರಾಗಿದ್ದರು, ಎಂದರೆ ಹಂಚು ಹೇರಿಕೊಂಡು ಕರಾವಳಿಗುಂಟ ಹೋಗುವ ಮರದ ಹಾಯಿದೋಣಿಯ ಮುಖ್ಯಸ್ಥರು. ಮಳೆಗಾಲಕ್ಕೆ ಮೊದಲಿನ ಕೊನೆಯ ಸರಕು ಹೇರಿ ಹೋದ ಮಂಜಿ ತಿರುಗಿ ಬರಲಿಲ್ಲ. ಸುದ್ದಿ ತಿಳಿದು ಹೆಂಗಸರೆಲ್ಲ ಹೊಳೆ ಕಡಲು ಸೇರುವ ಅಳಿವೆಯ ಬಾಯಿಗೆ ಓಡಿದರು. ಎಲ್ಲರೂ ತಂತಮ್ಮ ಮಗನ, ಅಣ್ಣನ ಹೆಸರು ಹಿಡಿದು ಕೂಗುತ್ತಿದ್ದರು. ನಮ್ಮಮ್ಮ ಮಾತ್ರ "ಹ್ವಾಯ್! ಹ್ವಾಯ್!" ಎನ್ನುತ್ತಿದ್ದಳು. ನಮ್ಮ ಕುಂದಾಪುರದ ಕಡೆ ಅದು ಯಾರನ್ನಾದರೂ ಗೌರವದಿಂದ ಕರೆಯುವ ಮಾತು. ಹೆಂಡತಿಯ ಬಾಯಲ್ಲಿ ಅದೇ ಗಂಡನ ಹೆಸರು. ನಿಜವಾದ ಹೆಸರನ್ನು ಅವಳು ಅಲ್ಲಿಯವರೆಗೆ ಒಮ್ಮೆಯೂ ಬಾಯಲ್ಲಿ ತಂದವಳಲ್ಲ. ಅವತ್ತೂ ತರಲಿಲ್ಲ.

ಆಮೇಲೆ ಕೇರಿಯ ಹುಡುಗರಿಗೆ ಅದೊಂದು ಆಟವಾಯಿತು. ಅಮ್ಮ ನೀರಿಗೆ ಹೊರಟರೆ ಬೇಲಿಯ ಹಿಂದಿನಿಂದ "ಹ್ವಾಯ್" ಎಂದು ಕೂಗಿ ನಗುತ್ತಿದ್ದರು. ಅಮ್ಮ ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಡೆಯುತ್ತಿದ್ದಳು. ಆ ಕೂಗು ಮತ್ತೆ ಯಾರ ನಗೆಗೂ ಸಿಗಬಾರದೆಂದು ನಾನದನ್ನು ಮುಚ್ಚಿಟ್ಟಿದ್ದೆ. ಮದುವೆಯಾದ ಮೇಲೆ ಗಂಡನಿಗಾಗಲಿ, ಇಲ್ಲಿ ಹುಟ್ಟಿದ ಮಗಳಿಗಾಗಲಿ, "ಅಜ್ಜಯ್ಯ ಸಮುದ್ರದಲ್ಲಿ ಹೋದರು" ಎಂಬುದಕ್ಕಿಂತ ಹೆಚ್ಚು ಹೇಳಿರಲಿಲ್ಲ.

ಅಜ್ಜ ನಗಲಿಲ್ಲ. ನೀರು ಆರಿತು, ಅವರು ಕಾಲು ತೆಗೆಯಲಿಲ್ಲ.

"ಇನ್ನೊಮ್ಮೆ ಹೇಳು. ಹೋಯ್?"

"ಹ್ವಾಯ್."

"ಹೋ-ಆಯ್." ಕಟ್ಟಿಸಿದ ಹಲ್ಲು ಅಡ್ಡಬಂದು ಅದು ಸರಿಯಾಗಿ ಹೊರಳಲಿಲ್ಲ. ಆದರೂ ಮರುದಿನ ಬೆಳಿಗ್ಗೆ ನಾನು ಪರದೆ ಸರಿಸುತ್ತಲೇ "ಹೋಯ್!" ಎಂದರು.

"ಹಾಗೆ ಕರೆಯಬೇಡಿ, ನಮ್ಮನೆಯವರು ಕೇಳಿದರೆ ಗ್ರಹಚಾರ," ಎಂದೆ. ಇಬ್ಬರೂ ನಕ್ಕೆವು. ನನಗೆ ಖುಷಿಯೇ ಆಗಿತ್ತು. ಅಮ್ಮನ ಮಾತು ಈ ದೇಶದಲ್ಲಿ ಒಬ್ಬರ ಬಾಯಲ್ಲಾದರೂ ಮರ್ಯಾದೆಯಿಂದ ಇದೆಯಲ್ಲ ಎಂದುಕೊಂಡೆ.

ಒಂದು ಭಾನುವಾರ ಅವರ ಮಗ ಬಂದ. ಆ ಸರೋವರದೂರಿನ ಸಣ್ಣ ಮ್ಯೂಸಿಯಂನವರು ಹಡಗಿನ ಬಗ್ಗೆ ಹೊಸ ಫಲಕ ಮಾಡಿಸುತ್ತಾರಂತೆ, ಮನೆತನದವರ ನೆನಪು ಬೇಕಂತೆ. ಅಪ್ಪನ ಮಾತನ್ನು ಫೋನಿನಲ್ಲಿ ಹಿಡಿದುಕೊಂಡು ಕಳಿಸಲು ಬಂದಿದ್ದ. ಅಜ್ಜನ ತಲೆ ಬಾಚಿದವಳು ನಾನೇ. ಕಾರ್ಡಿಗನ್ನಿನ ಗುಂಡಿ ಹಾಕಿ, ಗಲ್ಲದ ಮೇಲಿನ ಬಿಸ್ಕತ್ತಿನ ಪುಡಿ ಒರೆಸಿ, ಕುರ್ಚಿಯನ್ನು ಬೆಳಕಿಗೆ ತಿರುಗಿಸಿದೆ.

"ನೀನು ಹೊರಗಿರು ಡಿಯರ್. ನೀನಿದ್ದರೆ ನನಗೆ ಮಾತು ಬರುವುದಿಲ್ಲ."

"ಅಬ್ಬಾ, ನಾಚಿಕೆಯೇ!" ಎಂದು ತಮಾಷೆ ಮಾಡಿ ಬಾಗಿಲು ಎಳೆದುಕೊಂಡೆ.

ಆ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಅವರ ಉಣ್ಣೆಯ ಕಾಲುಚೀಲಗಳನ್ನು ಜೋಡಿ ಮಾಡಿ ಮಡಿಸುವಾಗ ನಾನು ಅತ್ತೆ. ಕೆಲಸದ ಜಾಗದಲ್ಲಿ ಅಳುವವಳಲ್ಲ ನಾನು.

ಕಳೆದ ಬೇಸಿಗೆಯಲ್ಲಿ ಮಗಳೂ ನಾನೂ ದಕ್ಷಿಣ ದ್ವೀಪಕ್ಕೆ ಹೋದೆವು. ಅಜ್ಜನ ಹಡಗಿನ ಊರು ನೋಡಬೇಕೆಂದು ಹಟ ಮಾಡಿದವಳು ನಾನು. ಕಾರು ಓಡಿಸಿದವಳು ಅವಳು. ಮ್ಯೂಸಿಯಂ ಎಂದರೆ ದಂಡೆಯ ಮೇಲಿನ ಒಂದು ಕೋಣೆ. ಒಳಗೆ ಸ್ಕೂನರಿನ ಕಪ್ಪುಗಟ್ಟಿದ ಒಂದು ಹಲಗೆ, ಹಾಯಿಕಂಬದ ತುಕ್ಕು ಹಿಡಿದ ಕಬ್ಬಿಣದ ಬಳೆಗಳು, ಅಜ್ಜನ ಗೋಡೆಯ ಮೇಲಿದ್ದ ಅದೇ ಫೋಟೋ, ಈಗ ದೊಡ್ಡದಾಗಿ. ಪಕ್ಕದಲ್ಲಿ ಫಲಕ. ನನ್ನ ಕನ್ನಡಕ ಕಾರಿನಲ್ಲೇ ಉಳಿದಿತ್ತು. ಮಗಳು ಗಟ್ಟಿಯಾಗಿ ಓದಿದಳು.

ಕಪ್ತಾನನ ಹೆಂಡತಿ ದಂಡೆಯಲ್ಲಿ ನಿಂತು "ಹೋಯ್! ಹೋಯ್!" ಎಂದು ಕೂಗಿದಳಂತೆ. ಉಳಿದ ಹೆಂಗಸರು ತಮ್ಮವರ ಹೆಸರು ಹಿಡಿದು ಕರೆದರಂತೆ. ಇವಳು ಮಾತ್ರ ಗೌರವದಿಂದ ಗಂಡನ ಹೆಸರನ್ನು ಕೊನೆಯವರೆಗೂ ಉಚ್ಚರಿಸಲಿಲ್ಲವಂತೆ. ಕೆಳಗೆ: ಮೊಮ್ಮಗ ಹೇಳಿದಂತೆ.

"ಅಮ್ಮಾ, ದಿಸ್ ಈಸ್ ಸೋ ಬ್ಯೂಟಿಫುಲ್. ಹೋಯ್, ಲೈಕ್ ಅಹೋಯ್, ನಾವಿಕರು ಕೂಗೋದು!"

ಹಲಗೆಯ ಕೆಳಗಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಮೇಜಿನ ಹಿಂದೆ ಹೆಣಿಗೆ ಹಾಕುತ್ತಿದ್ದ ಹೆಂಗಸು ನೀರು ತಂದುಕೊಟ್ಟರು. ಫಲಕದ ಈ ಹೆಂಗಸು ಕೂಗಿದವಳಲ್ಲ, ಪೆಟ್ಟಿಗೆ ಕಟ್ಟಿ ಊರು ಬಿಟ್ಟವಳು, ಇದು ನನ್ನಮ್ಮನ ಕೂಗು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನ ಮೊಣಕೈ ಹಿಡಿದುಕೊಂಡರು.

"ಹೌದಮ್ಮ, ದಂಡೆಯಲ್ಲಿ ಕಾಯುವ ಹೆಂಗಸರ ಕಥೆಯೆಲ್ಲ ಒಂದೇ ಅಲ್ಲವೇ? ಇಲ್ಲಿಗೆ ಬಂದವರೆಲ್ಲ ಈ ಫಲಕದ ಮುಂದೆ ಅಳುತ್ತಾರೆ."

ಆ ದನಿ ನನಗೆ ಗೊತ್ತು. ಮನೆಗೆ ಹೋಗಬೇಕು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಮರೆವಿನ ಮುದುಕರ ಹತ್ತಿರ ನಾನೂ ಹಾಗೇ ಮಾತಾಡುತ್ತೇನೆ.

ಹೊರಗೆ ಬಂದ ಮೇಲೆ ಮಗಳು ಬಹಳ ಹುಷಾರಾಗಿ ಕೇಳಿದಳು. "ಅಮ್ಮಾ, ಆರ್ ಯೂ ಶ್ಯೂರ್? ಮೇಬಿ ಅವರೇ ನಿಂಗೆ ಹೇಳಿದ್ದು, ಅಂಡ್ ಯೂ ಮಿಕ್ಸ್‌ಡ್ ಇಟ್ ಅಪ್?"

"ನಂಗೆ ಮರೆವು ಶುರುವಾಯ್ತು ಅಂತೀಯಾ?"

"ನೋ! ಬಟ್ ಯೂ ನೆವರ್ ಟೋಲ್ಡ್ ಮಿ."

ನಿಜ, ಹೇಳಿರಲಿಲ್ಲ. ಅಜ್ಜನ ಕಥೆಗೆ ಫಲಕವಿತ್ತು, ಫೋಟೋ ಇತ್ತು, ಹಲಗೆ ಇತ್ತು. ನನ್ನ ಅಪ್ಪಯ್ಯನ ಮಂಜಿಯ ಒಂದು ಚೂರೂ ದಡಕ್ಕೆ ಬಂದಿಲ್ಲ. ಬಂದದ್ದು ಆ ಕೂಗೊಂದೇ. ಅದನ್ನು ಅಜ್ಜ, ನಾನೇ ತಲೆ ಬಾಚಿ ಕೂರಿಸಿದ ಕುರ್ಚಿಯಲ್ಲಿ ಕೂತು, ತಮ್ಮ ಅಜ್ಜಿಗೆ ಕೊಟ್ಟುಬಿಟ್ಟಿದ್ದರು. ಪಾಪ, ಅರ್ಧ ಕಥೆಯವರು, ಎಂದುಕೊಳ್ಳಲು ನೋಡಿದೆ. ಆಗಲಿಲ್ಲ. ಹೊರಗಿರು, ನೀನಿದ್ದರೆ ಮಾತು ಬರುವುದಿಲ್ಲ ಎಂದಿದ್ದರಲ್ಲ. ಗೊತ್ತಿದ್ದೇ ಮಾಡಿದ ಕೆಲಸ.

ನಮ್ಮ ಹಿಂದೆಯೇ ಮ್ಯೂಸಿಯಂನಿಂದ ಬಂದ ನಾಲ್ಕಾರು ಪ್ರವಾಸಿಗರು ನೀರಿನ ಅಂಚಿಗೆ ಹೋದರು. ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು "ಹೋಯ್! ಹೋಯ್!" ಎಂದಳು, ಇನ್ನೊಬ್ಬ ಫೋಟೋ ತೆಗೆದ. ಎಲ್ಲರೂ ನಕ್ಕರು. ನಾನು ಅರಿವಿಲ್ಲದೆ ಕೈಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡೆ.

ಮಗಳು ಅದನ್ನು ನೋಡಿದಳು. ಏನು ತಿಳಿಯಿತೋ, ನನ್ನ ಮುಖ ನೋಡಿ ಮೆಲ್ಲಗೆ ಕನ್ನಡದಲ್ಲೇ ಕೇಳಿದಳು. "ಅಮ್ಮಾ, ಬೋರ್ಡಲ್ಲಿ ಇಲ್ಲದ್ದು ಏನಾದ್ರೂ ಇದ್ಯಾ?"

ಇತ್ತು. ಅಳಿವೆಯಲ್ಲಿ ನಿಂತ ಹೆಂಗಸೊಬ್ಬಳು ಅಮ್ಮನಿಗೆ, "ಹೆಸ್ರು ಹಿಡ್ದ್ ಕರಿಯೇ, ಹ್ವಾಯ್ ಅಂದ್ರೆ ಯಾರಿಗ್ ಗೊತ್ತಾತ್ತ್?" ಎಂದಿದ್ದಳು, ಕರೆದದ್ದು ಯಾರನ್ನೆಂದು ಯಾರಿಗೆ ತಿಳಿಯುತ್ತದೆ ಎಂದು. ಅಮ್ಮ ಕೊಟ್ಟ ಉತ್ತರವನ್ನು ನಾನು ಅಜ್ಜನಿಗೆ ಹೇಳಲು ಹೊರಟವಳು ಹೇಳದೆ ನಿಲ್ಲಿಸಿದ್ದೆ. ಇಂಗ್ಲಿಷಿಗೆ ತಂದರೆ ಅದರೊಳಗಿನ ಮರ್ಯಾದೆಯೇ ಉದುರಿಹೋಗುತ್ತಿತ್ತು. ಹಾಗಾಗಿ ಅದು ಉಳಿದಿತ್ತು.

"ಕಾರಿಗೆ ನಡಿ," ಎಂದೆ.

ಇಬ್ಬರೂ ಕೂತೆವು. ಅವಳ ಕಡೆಯ ಗಾಜು ಸ್ವಲ್ಪ ಇಳಿದಿತ್ತು. ಅದನ್ನು ಏರಿಸಲು ಹೇಳಿದೆ. ಏರಿಸಿದಳು. ಆಮೇಲೆ ಆ ಹೆಂಗಸಿನ ಪ್ರಶ್ನೆ ಹೇಳಿ, ಅಮ್ಮನ ಉತ್ತರ ಹೇಳಿದೆ.

"ಅವ್ರಿಗೆ ಗೊತ್ತಾತ್ತ್."