ಅಪ್ಪ ಕೂಗಿದ್ದು ಬಿಡ ಅಂತಲೋ, ಭಿಡ ಅಂತಲೋ

ನಾನು ಚಿಕ್ಕವಳಿದ್ದಾಗ, ಆಗಷ್ಟೇ ಸಾಲೆಗೆ ಹೋಗತೊಡಗಿದಾಗ, ಅಪ್ಪನ ಮೊಣಕಾಲು ಮುರಿಯಿತು. ಫುಟ್‌ಬಾಲ್ ಆಡುತ್ತ ಮುರಿದದ್ದು. ಮಹಾರಾಷ್ಟ್ರದ ಗಡಿಯಲ್ಲಿರುವ, ಕನ್ನಡವೂ ನಡೆಯುವ ನಮ್ಮೂರು ಗಡಹಿಂಗ್ಲಜದ ತಂಡದಲ್ಲಿ ಅಪ್ಪ ಮುಂದಿನ ಸಾಲಿನ ಆಟಗಾರ. ಅವನ ಆಟ ಇದ್ದ ದಿನ ಪೇಟೆಯವರು ತಕ್ಕಡಿ ಕೆಳಗಿಟ್ಟು ಮೈದಾನಕ್ಕೆ ಬರುತ್ತಿದ್ದರು. ಕಾಲು ಹೋದ ಮೇಲೆ ನೋಡಲು ಒಬ್ಬ ನರಪಿಳ್ಳೆಯೂ ಬರಲಿಲ್ಲ. ಹೊಟ್ಟೆಪಾಡಿಗೆ ನಾವು ಇಚಲಕರಂಜಿಗೆ ಹೋದೆವು, ಅಪ್ಪ ಮಗ್ಗದ ಕಾರ್ಖಾನೆ ಸೇರಿದ. ದಿನವೆಲ್ಲ ಆ ಖಟಖಟ ಸದ್ದಿನಲ್ಲಿ ಕುಂಟುತ್ತ ನಿಂತು, ತಲೆತುಂಬ ಹತ್ತಿಯ ಧೂಳು ಹೊತ್ತು ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಅವ್ವ ಬಡಿಸಿದ ರೊಟ್ಟಿ ಗಂಗಾಳದಲ್ಲೇ ಒಣಗುತ್ತಿತ್ತು.

ಹೀಗೆ ಎರಡು ವರ್ಷ ಕಳೆದ ಮೇಲೆ ಕೊಲ್ಲಾಪುರದ ಒಂದು ತಾಲೀಮಿನವರು ಅಪ್ಪನನ್ನು ಕೋಚ್ ಆಗಿ ಕರೆದರು. ತಾಲೀಮು ಅಂದರೆ ಗರಡಿಮನೆ. ಅಲ್ಲಿ ಪೇಟೆಗೊಂದು ತಾಲೀಮು, ಬಹಳಷ್ಟು ತಾಲೀಮುಗಳಿಗೆ ತಮ್ಮದೇ ಫುಟ್‌ಬಾಲ್ ತಂಡ. ಒಂದು ಹಂಗಾಮು ನೋಡುತ್ತೇವೆ, ಗೆದ್ದರೆ ಇರು, ಇಲ್ಲದಿದ್ದರೆ ನಿನ್ನ ದಾರಿ ನಿನಗೆ ಅಂದಿದ್ದರು. ಅಂದು ಅಪ್ಪ ಮೂರು ರೊಟ್ಟಿ ಉಂಡ. ಹದಿನೇಳು ವರ್ಷದ ಅಣ್ಣನನ್ನೂ ಹಿಂದಿನ ಸಾಲಿಗೆ ಸೇರಿಸಿಕೊಂಡರು. ಅವ್ವ ಮಾತ್ರ ದೇವರ ಮುಂದೆ ದೀಪ ಹಚ್ಚಿ, ಈ ಸಲ ಕೆಲಸ ಹೋದರೆ ನನ್ನ ಗಂಡ ಮತ್ತೆ ಏಳೋದಿಲ್ಲ ಅಂತ ಗೊಣಗಿದ್ದು ನನಗೆ ಕೇಳಿಸಿತ್ತು.

ತಾಲೀಮಿನ ಹುಡುಗರೆಲ್ಲ ಮರಾಠಿಯವರು, ಅಪ್ಪ ಮರಾಠಿಯಲ್ಲೇ ಕಲಿಸಬೇಕು. ಮರಾಠಿ ಚೆನ್ನಾಗಿಯೇ ಬರುತ್ತಿತ್ತು, ಆದರೆ ಅವನ ನಾಲಿಗೆಗೂ ಮಹಾಪ್ರಾಣಕ್ಕೂ ಎಣ್ಣೆ ಸೀಗೇಕಾಯಿ. ಭಾಕರಿ ಅವನ ಬಾಯಲ್ಲಿ ಬಾಕರಿ, ಭಾಜಿ ಬಾಜಿ. ಹುಡುಗರು ಅಣಕಿಸಿದರೆ ತಾನೂ ನಗುತ್ತಿದ್ದ.

ಹಂಗಾಮಿನ ಕೊನೆಯ ಆಟದ ದಿನ ಬಂತು, ಗೆದ್ದರೆ ಅಪ್ಪನ ಕೆಲಸ ಉಳಿಯುತ್ತಿತ್ತು. ಎದುರಿಗೆ ಯಾರು ಅಂತೀರಿ? ಗಡಹಿಂಗ್ಲಜದವರೇ! ಅವ್ವ ತವರಿಗೆ ಹೋಗಿದ್ದಳು, ಅದಕ್ಕೆ ಅಪ್ಪ ನನ್ನನ್ನೂ ಕರೆದುಕೊಂಡು ಬಂದಿದ್ದ. ಮೈದಾನದ ಅಂಚಿನಲ್ಲಿ, ಅವನ ಬೆನ್ನ ಹಿಂದೆಯೇ ಕೂತಿದ್ದೆ. ಸುಡುವ ಬಿಸಿಲು, ಕೆಂಪು ಧೂಳು, ಯಾರೋ ತಿನ್ನುತ್ತಿದ್ದ ಭಡಂಗ ಚುರುಮುರಿಯ ಬೆಳ್ಳುಳ್ಳಿ ವಾಸನೆ. ಗಡಹಿಂಗ್ಲಜದ ಹುಡುಗರು ಕನ್ನಡದಲ್ಲೇ ಒದರುತ್ತಿದ್ದರು: ಕೊಡ, ಬಿಡ, ಹಿಡಿ. ನಮ್ಮ ಕಡೆ ಕೊಡು, ಬಿಡು ಅನ್ನುವುದು ಹೀಗೇ. ಆ ಗದ್ದಲ ಕೇಳಿ ಕೇಳಿ ಅಣ್ಣನ ಕಿವಿ ಕನ್ನಡಕ್ಕೆ ಹೊರಳಿರಬೇಕು.

ಎರಡೂ ಕಡೆ ಗೋಲಿಲ್ಲ. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಚೆಂಡು ನಮ್ಮ ಗೋಲಿನ ಪಕ್ಕದ ಗೆರೆಯತ್ತ ಉರುಳಿತು. ಗಡಹಿಂಗ್ಲಜದವನೊಬ್ಬ ಅದರ ಹಿಂದೆ ಬಿದ್ದ. ಹತ್ತಿರವಿದ್ದವನು ಅಣ್ಣ, ನಮ್ಮ ಕಡೆ ಬೆನ್ನು ಹಾಕಿದ್ದ. ಅಪ್ಪ ಎರಡೂ ಮುಷ್ಟಿ ಬಿಗಿಹಿಡಿದು, ಯಾರನ್ನೋ ನೂಕುವವನಂತೆ ಮುಂದಕ್ಕೆ ಚಾಚಿ ಕೂಗಿದ. ಮರಾಠಿಯಲ್ಲಿ ಭಿಡ ಅಂದರೆ ಮೇಲೆ ಬೀಳು, ಎದುರಿಸು ಅಂತ. ಅಪ್ಪನ ಬಾಯಿಂದ ಬಂದದ್ದು "ಬಿಡ! ಬಿಡ!"

ಅಣ್ಣ ಬಿಟ್ಟುಬಿಟ್ಟ. ಚೆಂಡು ಹೊರಗೆ ಹೋಗಲಿ ಅಂತ ಕೈ ಎತ್ತಿ ಪಕ್ಕಕ್ಕೆ ಸರಿದ. ಅದು ಗೆರೆ ದಾಟುವ ಮೊದಲೇ ಆ ಹುಡುಗ ಕಾಲು ಚಾಚಿ ಎಳೆದುಕೊಂಡ, ಹೊಡೆದ, ಗೋಲಾಯಿತು.

ಶಿಳ್ಳೆ ಬಿತ್ತು, ನಾವು ಸೋತೆವು. ಅಷ್ಟಕ್ಕೇ ಮುಗಿಯಲಿಲ್ಲ. ಗಡಹಿಂಗ್ಲಜದವರು ಕುಣಿಯುತ್ತ ಬಂದು, ನಮ್ಮೂರ ಹುಲಿ ನಮ್ಮನ್ನ ಕೈಬಿಡಲಿಲ್ಲ ಅಂತ ಅಪ್ಪನ ಮುಖಕ್ಕೆ ಗುಲಾಲು ಬಳಿದರು. ಅವರಿಗದು ಚೇಷ್ಟೆ, ನಮಗೆ ಗಾಯದ ಮೇಲೆ ಬರೆ. ತಾಲೀಮಿನವರು ನೋಡುತ್ತ ನಿಂತಿದ್ದರು.

ಸಂಜೆ ತಾಲೀಮಿನಲ್ಲಿ ಎಲ್ಲರೂ ಕೂಡಿದರು. ಹೆಣ್ಣುಮಕ್ಕಳು ಒಳಗೆ ಹೋಗುವಂತಿಲ್ಲ, ನಾನು ಹೊಸ್ತಿಲ ಹೊರಗೆ ನಿಂತಿದ್ದೆ. ಎಣ್ಣೆ, ಅರಿಶಿನ ಕಲಸಿದ ಅಖಾಡದ ಮಣ್ಣಿನ ವಾಸನೆ ಮೂಗಿಗೆ ಅಡರುತ್ತಿತ್ತು. ತಾಲೀಮಿನ ಹಿರಿಯ, ಎಲ್ಲರೂ ವಸ್ತಾದ ಅನ್ನುತ್ತಿದ್ದವರು, ಅಣ್ಣನನ್ನೇ ಮೊದಲು ಕೇಳಿದರು. ಅಣ್ಣ ಬಿಕ್ಕಿ ಬಿಕ್ಕಿ ಅಳುತ್ತ, ಅಪ್ಪ ಬಿಡು ಅಂದ, ಅದಕ್ಕೆ ಬಿಟ್ಟೆ ಅಂದ. ವಸ್ತಾದ ಅಪ್ಪನತ್ತ ತಿರುಗಿ, ನಿನ್ನ ಮಗ ಹೇಳುವುದು ಖರೆಯೋ ಸುಳ್ಳೋ ಅಂದರು.

ಅಪ್ಪನ ಮುಷ್ಟಿ ನಾನು ನೋಡಿದ್ದೆ. ಎಲ್ಲರ ಕಣ್ಣೂ ಚೆಂಡಿನ ಮೇಲಿದ್ದಾಗ ನಾನೊಬ್ಬಳೇ ಅದನ್ನು ನೋಡಿದ್ದೆ. ಒಳಗೆ ಓಡಿ ಹೇಳಬೇಕು ಅನ್ನಿಸಿತು, ಆದರೆ ಹೊಸ್ತಿಲು ದಾಟಲಿಲ್ಲ. ಅಪ್ಪ ಅಣ್ಣನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈಮುಗಿದು ಅಂದ, "ಹುಡುಗಂದೇನೂ ತಪ್ಪಿಲ್ರಿ. ನಾನ ಬಿಡು ಅಂದೆ."

ನಿನ್ನೂರವರಿಗೆ ಆಟ ಮಾರಿದೆ ಅಂದರು, ಇನ್ನೂ ಏನೇನೋ ಅಂದರು. ಅದನ್ನೆಲ್ಲ ನಿಮಗೆ ಹೇಳಲಾರೆ. ಅಣ್ಣನನ್ನು ತಂಡದಲ್ಲಿ ಉಳಿಸಿಕೊಂಡರು. ಅಪ್ಪ ಹೊರಗೆ ಬಂದಾಗ ಅಣ್ಣ ಅವನ ಕಡೆ ನೋಡಲೇ ಇಲ್ಲ, ಅವನೂ ಅದನ್ನೇ ನಂಬಿದ್ದ.

ಎಸ್.ಟಿ. ಬಸ್ಸಿನಲ್ಲಿ ಅಪ್ಪನ ಕಿವಿಯ ಹಿಂದೆ ಗುಲಾಲು ಇನ್ನೂ ಇತ್ತು. ನಾನು ತಡೆಯಲಾರದೆ, ನೀನು ಭಿಡ ಅಂದದ್ದು ನನಗೆ ಗೊತ್ತು ಅಂದೆ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. "ಅಲ್ಲಿ ಹಂಗ ಅಂದಿದ್ರ ನಿಮ್ಮಣ್ಣನ್ನ ಸುಳ್ಳ, ಮನಿಮುರುಕ ಅಂತಿದ್ರು, ಯವ್ವಾ. ನನ್ನ ಕಾಲಂತೂ ಹೋತು, ಅಂವ ಆಡ್ಲಿ. ಅಣ್ಣಗ ಎಂದೂ ಹೇಳಬ್ಯಾಡ, ಆಣಿ ಮಾಡು." ನಾನು ಆಣೆ ಮಾಡಿದೆ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ಮತ್ತೆ ಮಗ್ಗಕ್ಕೆ ಹೋದ. ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ. ಮುಂದೆ ಯಾರೂ ಅವನನ್ನು ಕೋಚ್ ಅಂತ ಕರೆಯಲಿಲ್ಲ. ಅಣ್ಣ ಹತ್ತು ವರ್ಷ ಕೊಲ್ಲಾಪುರದಲ್ಲಿ ಆಡಿ ಹೆಸರು ಮಾಡಿದ.

ನಿಮ್ಮ ಕಾಲ ಬೇರೆ, ಮಕ್ಕಳೇ. ನಮ್ಮ ಮನೆಯ ಹುಡುಗಿಯೇ ಬೂಟು ಕಟ್ಟಿಕೊಂಡು ಆಡುತ್ತಾಳೆ, ಅವಳನ್ನು ಹೊಸ್ತಿಲ ಹೊರಗೆ ನಿಲ್ಲಿಸುವ ಧೈರ್ಯ ಯಾರಿಗಿದೆ? ಆಟ ಮುಗಿಯುವುದರೊಳಗೆ ಹತ್ತು ಮೊಬೈಲಿನಲ್ಲಿ ಅದರ ವಿಡಿಯೋ ಇರುತ್ತದೆ. ಕೋಚ್ ಏನಂದ, ಕೈ ಹೇಗೆ ಮಾಡಿದ ಅಂತ ತಿರುತಿರುಗಿ ನೋಡುತ್ತೀರಿ, ಜಗಳ ಅಲ್ಲೇ ಹರಿಯುತ್ತದೆ. ನಮ್ಮ ಮನೆಯ ಜಗಳ ಹರಿಯಲಿಲ್ಲ. ಅಪ್ಪನ ಹೆಸರು ಬಂದರೆ ಅಣ್ಣ ಉಣ್ಣುವುದನ್ನು ಬಿಟ್ಟು ಎದ್ದುಹೋಗುತ್ತಿದ್ದ, ಮುದುಕನಾದ ಮೇಲೂ. ನಾನು ಬಾಯಿ ತೆರೆಯಲಿಲ್ಲ. ಹೇಳಬೇಕಿತ್ತೋ ಏನೋ, ಈಗಲೂ ಗೊತ್ತಾಗುವುದಿಲ್ಲ. ಹೋದ ತಿಂಗಳು ಅಣ್ಣನೂ ಹೋದ. ಅದಕ್ಕೇ ಇವತ್ತು ಅವನ ಮೊಮ್ಮಕ್ಕಳನ್ನೂ ಕರೆದು ನಿಮ್ಮ ಜೊತೆ ಕೂಡಿಸಿಕೊಂಡೆ. ನಿಮ್ಮ ಮುತ್ತಜ್ಜ ಆಟ ಮಾರಿದವನಲ್ಲ.